ಪುಶ್ ಮಾಡೋದು ಯಾವಾಗ, ಹೇಗೆ?

ಪ್ರಶ್ನೆ: ನನಗೀಗ ಎಂಟು ತಿಂಗಳು, ಚೊಚ್ಚಲ ಹೆರಿಗೆ. ಅಕ್ಕನಿಗೆ ಹೆರಿಗೆ ಕೋಣೆಯಲ್ಲಿ ‘ಉಸಿರು ಬಿಗಿಹಿಡಿ, ಹತ್ತು ಎಣಿಸೋವರೆಗೂ ಬಿಡಬೇಡ’ ಅಂದಿದ್ದರಂತೆ. ಗೆಳತಿ ನೋಡಿದರೆ ‘ಯಾರ ಮಾತೂ ಕೇಳಬೇಡ, ಮೈ ಹೇಳಿದ ಹಾಗೆ ಮಾಡು’ ಅನ್ನುತ್ತಾಳೆ. ಯಾರನ್ನು ನಂಬಲಿ? ನನಗೆ ಸರಿಯಾಗಿ ತಿಣುಕಲು ಬರದಿದ್ದರೆ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಮುಕ್ಕಾಲು ಪಾಲು ಸರಿ. ‘ಯಾರ ಮಾತೂ ಕೇಳಬೇಡ’ ಅನ್ನೋದು ಮಾತ್ರ ಜಾಸ್ತಿಯಾಯಿತು.

ಗರ್ಭಕೋಶದ ಬಾಯಿ ಪೂರ್ತಿ 10 ಸೆಂ.ಮೀ. ತೆರೆದ ಕೂಡಲೇ ತಿಣುಕಲೇಬೇಕು ಅಂತಿಲ್ಲ. ಮಗುವಿನ ತಲೆ ಇನ್ನೂ ಮೇಲಿದ್ದರೆ ಸ್ವಲ್ಪ ಹೊತ್ತು ನಿಮಗೆ ಏನೂ ಅನ್ನಿಸದಿರಬಹುದು, ಆದರೆ ಗರ್ಭಕೋಶ ತನ್ನ ಪಾಡಿಗೆ ಮಗುವನ್ನು ಕೆಳಕ್ಕೆ ತಳ್ಳುತ್ತಲೇ ಇರುತ್ತದೆ. ತಲೆ ಚೆನ್ನಾಗಿ ಇಳಿದು ಹಿಂದಕ್ಕೆ ಒತ್ತಿದಾಗ ಜೋರಾಗಿ ಕಕ್ಕಸಿಗೆ ಬಂದ ಹಾಗಾಗುತ್ತದೆ, ತಡೆಯೋಕೇ ಆಗಲ್ಲ. ಅದೇ ಸೂಚನೆ. ನಾಚಿಕೊಳ್ಳದೆ ನರ್ಸ್‌ಗೆ ಹೇಳಿ. ಆಮೇಲೆ ಪ್ರತಿ ನೋವಿನ ಜೊತೆ ಕೆಲವೇ ಸೆಕೆಂಡು ತಿಣುಕಿ, ಉಸಿರು ಬಿಟ್ಟು, ಮತ್ತೆ ತಿಣುಕಿ. ಕೂಗು ಬಂದರೆ ಕೂಗಿ. ಬಲ ಮುಖಕ್ಕಲ್ಲ, ಕೆಳಕ್ಕೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದೂ ಇದನ್ನೇ: ತಾಯಿಗೆ ತಿಣುಕಬೇಕು ಅನ್ನಿಸಿದಂತೆ ತಿಣುಕಲು ಬಿಡಿ.

ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ತಗೊಂಡರೆ ಲೆಕ್ಕ ಬೇರೆ. ಮರಗಟ್ಟಿದ ಮೈಗೆ ಸೂಚನೆಯೇ ಗೊತ್ತಾಗದಿರಬಹುದು, ಆಗ ‘ಈಗ ಪುಶ್ ಮಾಡಿ’ ಅನ್ನುವವರು ಬೇಕೇ ಬೇಕು. ಅನುಕೂಲವಿದ್ದರೆ ಒಂದೆರಡು ಗಂಟೆ ಕಾಯಬಹುದು ಅನ್ನುತ್ತದೆ ಅದೇ ಸಂಸ್ಥೆ. ಆದರೆ ಅದೇ ವರ್ಷ ಅಮೆರಿಕದಲ್ಲಿ ಎಪಿಡ್ಯೂರಲ್ ತಗೊಂಡಿದ್ದ 2,400ಕ್ಕೂ ಹೆಚ್ಚು ಚೊಚ್ಚಲ ತಾಯಂದಿರನ್ನು ನೋಡಿದಾಗ, ತಕ್ಷಣ ಶುರು ಮಾಡಿದರೂ ಒಂದು ಗಂಟೆ ಕಾದರೂ ಸಹಜ ಹೆರಿಗೆಯಾದವರ ಪ್ರಮಾಣ ಹೆಚ್ಚುಕಮ್ಮಿ ಒಂದೇ ಇತ್ತು. ಕಾದವರಲ್ಲಿ ರಕ್ತಸ್ರಾವ, ಸೋಂಕು ತುಸು ಜಾಸ್ತಿ. ಹಾಗಾಗಿ ಸುಮ್ನೆ ಕಾಯೋದೇ ಒಳ್ಳೆಯದು ಅಂತ ನಾನು ಹೇಳಲ್ಲ. ನಿಮ್ಮ ಡಾಕ್ಟರ್ ಏನು ಮಾಡುತ್ತಾರೆ, ಈಗಲೇ ಕೇಳಿ. ಮಗುವಿನ ಎದೆಬಡಿತ ಇಳಿದರಂತೂ ಅವರ ಮಾತೇ ಕೊನೆ.

ಬರದಿದ್ದರೆ ಅಂತ ಹೆದರಬೇಡಿ, ಇದೇನು ಪರೀಕ್ಷೆ ಅಲ್ವಲ್ಲ. ಮೊದಲ ಹೆರಿಗೆಯಲ್ಲಿ ಈ ಹಂತಕ್ಕೆ ಮೂರು ಗಂಟೆವರೆಗೂ ಹಿಡಿಯಬಹುದು. ಅಂಗಾತ ಮಲಗಿ ಕಷ್ಟವಾದರೆ ಪಕ್ಕಕ್ಕೆ ತಿರುಗುತ್ತೇನೆ ಅನ್ನಿ. ಹೊಟ್ಟೆ ಮೇಲಿಂದ ಅದುಮುತ್ತಾರಾ ಅಂತಲೂ ಮೊದಲೇ ವಿಚಾರಿಸಿ, ವಿಶ್ವ ಆರೋಗ್ಯ ಸಂಸ್ಥೆ ಅದು ಬೇಡ ಅನ್ನುತ್ತದೆ. ಇನ್ನು ತಲೆ ಹೊರಗೆ ಕಾಣಿಸಿ ಉರಿ ಶುರುವಾದಾಗ ‘ಸಾಕು, ನಿಲ್ಲಿಸಿ’ ಅನ್ನುತ್ತಾರೆ. ಆಗ ತಿಣುಕಬೇಡಿ, ಬಾಯಿ ತೆರೆದು ಸಣ್ಣಗೆ ಏದುಸಿರು ಬಿಡಿ. ತಲೆ ನಿಧಾನಕ್ಕೆ ಬಂದಷ್ಟೂ ಕೆಳಗೆ ಚರ್ಮ ಹರಿಯೋದು ಕಡಿಮೆ.