ಬಿಎಸ್ಸಿಯಲ್ಲಿ ಶೇ 68 ಬಂದಿದೆ, ಎಂ.ಸ್ಟ್ಯಾಟ್ (ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿ) ಸೀಟು ಸಿಗಬಹುದೇ?

ಸಿಗಬಹುದು. ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನಗಳೇ ನಿರ್ಣಾಯಕ. ಒಂದೊಂದು ವಿಶ್ವವಿದ್ಯಾಲಯದ ಅಂಕದ ಅಳತೆ ಒಂದೊಂದು ಬಗೆ, ಹೋಲಿಸುವುದು ಕಷ್ಟ. ಐಐಟಿಗಳ ಎಂಎಸ್ಸಿಗೂ ಜ್ಯಾಮ್ ಪರೀಕ್ಷೆಯ ರ‍್ಯಾಂಕ್ ಮುಖ್ಯ.

ನಿಮ್ಮ ಅವಕಾಶ ತಿಳಿಯಬೇಕೆಂದರೆ ಹಳೆಯ ವಿವರಣಾತ್ಮಕ ಪ್ರಶ್ನೆಪತ್ರಿಕೆಯೊಂದನ್ನು ಪುಸ್ತಕ ಮುಚ್ಚಿಟ್ಟು ಎರಡು ಗಂಟೆಯಲ್ಲಿ ಬಿಡಿಸಿ. ಅಲ್ಲಿ ಸೂತ್ರದ ಬಾಯಿಪಾಠ ನಡೆಯದು. ಉದಾಹರಣೆಗೆ, ಸೊನ್ನೆಯಿಂದ ಥೀಟಾ ಎಂಬ ಗೊತ್ತಿಲ್ಲದ ಸಂಖ್ಯೆಯವರೆಗೆ ಎಲ್ಲ ಬೆಲೆಗೂ ಸಮಾನ ಸಾಧ್ಯತೆ ಇದ್ದಾಗ, ಥೀಟಾದ ಅತ್ಯಂತ ಸಂಭವನೀಯ ಅಂದಾಜು (ಮ್ಯಾಕ್ಸಿಮಮ್ ಲೈಕ್ಲಿಹುಡ್ ಎಸ್ಟಿಮೇಟ್) ಮಾದರಿಯ (ಸ್ಯಾಂಪಲ್) ಗರಿಷ್ಠ ಸಂಖ್ಯೆಯೇ ಆಗುತ್ತದೆ. ಅದನ್ನು ಡಿಫರೆನ್ಶಿಯೇಷನ್‌ನಿಂದ ಪಡೆಯಲು ಏಕಾಗದು ಎಂದು ನಾಲ್ಕು ಸಾಲಿನಲ್ಲಿ ಬರೆಯಬಲ್ಲಿರಾ? ಬರೆದರೆ ಧೈರ್ಯವಾಗಿ ಅರ್ಜಿ ಹಾಕಿ. ಬರದಿದ್ದರೆ ಶೇ 90 ಇದ್ದರೂ ಕಷ್ಟವೇ.

ಅಂದಹಾಗೆ, ಸಂಸ್ಥೆಯ ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಇದೆ, ಆದರೆ ಎಂ.ಸ್ಟ್ಯಾಟ್ ತರಗತಿಗಳಿಗೆ ಬೆಂಗಳೂರು ಬಿಡಬೇಕಾಗುತ್ತದೆ.