ಇಕ್ಕೆಲದಲ್ಲೂ ಪ್ರಪಾತ, ನಡುವೆ ಹಗ್ಗ: ಚಾರಣಿಗರ ಪ್ರಶ್ನೆಗಳಿಗೆ ಗೈಡ್ ಉತ್ತರ

ಪ್ರಶ್ನೆ: ಮೇಡಂ, ನನಗೆ ನಲವತ್ತೇಳು ವರ್ಷ. ಬೆಟ್ಟ ಹತ್ತುವ ಅಭ್ಯಾಸವಿದೆ, ದಿನವಿಡೀ ನಡೆದರೂ ದಣಿವಾಗುವುದಿಲ್ಲ. ಆದರೆ ಬಾಲ್ಕನಿಯ ಅಂಚಿಗೆ ಹೋದರೆ ಮಂಡಿ ನಡುಗುತ್ತದೆ. ಗೆಳತಿಯರೆಲ್ಲ ಸೇರಿ ಎರಡೂ ಕಡೆ ಪ್ರಪಾತವಿರುವ ಕಿರಿದಾದ ರಿಡ್ಜ್ ದಾಟಲು ಗೈಡ್ ಗೊತ್ತುಮಾಡಿದ್ದಾರೆ. "ಗೈಡ್ ಇರ್ತಾರಲ್ಲ, ಹಗ್ಗ ಕಟ್ಟಿ ಕರ್ಕೊಂಡು ಹೋಗ್ತಾರೆ ಬಿಡು" ಅನ್ನುತ್ತಾರೆ. ಭಯದ ವಿಷಯ ತಿಳಿದರೆ ಬೇಡ ಎಂದುಬಿಡುತ್ತಾರೇನೋ ಎಂದು ಗೈಡ್‌ಗೆ ಹೇಳಿಲ್ಲ. ಹೋಗಲೇ?

ಉತ್ತರ: ಇವತ್ತೇ ಗೈಡ್‌ಗೆ ಫೋನ್ ಮಾಡಿ, ನನಗೆ ಬರೆದ ಹಾಗೆಯೇ ಎಲ್ಲ ಹೇಳಿ. ಬಾಲ್ಕನಿಯ ವಿಷಯವನ್ನೂ ಬಿಡಬೇಡಿ. ಹೋಗಬೇಕೋ ಬೇಡವೋ ಎನ್ನುವುದು ಆಮೇಲಿನ ಮಾತು.

ಹೆದರುವ ಎಷ್ಟೋ ಮಂದಿಯನ್ನು ನಾನು ಇಂಥ ರಿಡ್ಜ್‌ನ, ಅಂದರೆ ಬೆಟ್ಟದ ಏಣಿನ, ಮೇಲೆ ದಾಟಿಸಿದ್ದೇನೆ. ಹೆದರಿಕೆಯನ್ನು ಮುಚ್ಚಿಟ್ಟುಕೊಂಡು ಬಂದವರು ನಡುದಾರಿಯಲ್ಲಿ ಬಂಡೆ ತಬ್ಬಿ ಕೂತುಬಿಟ್ಟಾಗ ಮಾತ್ರ ನನ್ನ ಎದೆ ಹೊಡೆದುಕೊಳ್ಳುತ್ತದೆ. ಅಲ್ಲಿಂದ ಪಕ್ಕಕ್ಕೆ ಇಳಿಯಲು ದಾರಿಯಿಲ್ಲ, ಹಿಂದೆ ಬರುವುದೂ ಮುಂದೆ ಹೋದಷ್ಟೇ ಕಷ್ಟ. ಹಿಂದೆ ಉಳಿದವರೆಲ್ಲ ಗಾಳಿಗೆ ಮೈಯೊಡ್ಡಿ ಕಾಯಬೇಕು. ಮೊದಲೇ ಗೊತ್ತಿದ್ದರೆ ನಿಮ್ಮನ್ನು ನನ್ನ ಪಕ್ಕದಲ್ಲೇ ಕಟ್ಟಿಕೊಳ್ಳುತ್ತೇನೆ, ಒಬ್ಬರನ್ನೋ ಇಬ್ಬರನ್ನೋ ಮಾತ್ರ ಹಗ್ಗಕ್ಕೆ ಸೇರಿಸುತ್ತೇನೆ, ಹಿಂದಿನ ದಿನವೇ ತಗ್ಗಿನ ಬಂಡೆಗಳ ಮೇಲೆ ನಡೆಸಿ ನೋಡುತ್ತೇನೆ.

ಇನ್ನು ನಿಮ್ಮ ಗೆಳತಿಯರು ಹೇಳಿದ ಹಗ್ಗದ ವಿಷಯ. ಹಗ್ಗವೆಂದರೆ ಮೇಲಿನಿಂದ ಎತ್ತಿಕೊಳ್ಳುವ ಸಾಧನ ಎಂದೇ ಬಹಳ ಜನ ತಿಳಿದಿದ್ದಾರೆ. ಏಣಿನ ಮೇಲೆ ನಡೆಯುವಾಗ ಹಗ್ಗದ ಬಹುಪಾಲು ಸುರುಳಿಯಾಗಿ ಗೈಡ್‌ನ ಎದೆಯ ಮೇಲಿರುತ್ತದೆ. ನಿಮಗೂ ಗೈಡ್‌ಗೂ ನಡುವೆ ಉಳಿಯುವುದು ಎರಡು ಮೂರು ಮೀಟರ್, ಅದೂ ಬಿಗಿಯಾಗಿ. ಹತ್ತುವಾಗ ಗೈಡ್ ಮುಂದೆ, ಇಳಿಯುವಾಗ ಹಿಂದೆ. ಎರಡರಲ್ಲೂ ಅವರು ನಿಮಗಿಂತ ಮೇಲೆಯೇ. ನೀವು ಎಡವಿದ ಕ್ಷಣದಲ್ಲೇ, ಅದು ಬೀಳುವ ಮಟ್ಟಕ್ಕೆ ಹೋಗುವ ಮೊದಲೇ, ಕೈಯ ಒಂದು ಸೆಳೆತಕ್ಕೆ ನಿಮ್ಮನ್ನು ನಿಲ್ಲಿಸುವುದು ಅವರ ಕೆಲಸ. ಕಡಿದಾದ ಮೆಟ್ಟಿಲಿನಂಥ ಜಾಗ ಬಂದರೆ ಅವರು ಮೊದಲು ಹತ್ತಿ, ಗಟ್ಟಿಯಾಗಿ ಚಾಚಿಕೊಂಡ ಬಂಡೆಯ ಕೊಂಬಿನ ಹಿಂದೆ ಹಗ್ಗ ಹಾಯಿಸಿ, ನೀವು ಹತ್ತಿದಂತೆಲ್ಲ ಎಳೆದುಕೊಳ್ಳುತ್ತಾ ಬರುತ್ತಾರೆ. ಬಂಡೆಯ ಆಸರೆಯಿಲ್ಲದ, ಸಡಿಲವಾಗಿ ಜೋಲುವ ಹಗ್ಗ ಅಪಾಯ. ಒಬ್ಬರು ಜಾರಿದರೆ ಎಲ್ಲರನ್ನೂ ಎಳೆಯುತ್ತದೆ.

1865ರ ಜುಲೈ 14ರಂದು ಯುರೋಪಿನ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದ ಏಳು ಮಂದಿ ಒಂದೇ ಹಗ್ಗದಲ್ಲಿ ಇಳಿಯುತ್ತಿದ್ದರು. ಅವರಲ್ಲಿ ಅನುಭವ ಕಡಿಮೆಯಿದ್ದ ಹತ್ತೊಂಬತ್ತರ ಹ್ಯಾಡೋ ಜಾರಿ, ಕೆಳಗಿದ್ದ ಗೈಡ್ ಮಿಶೆಲ್ ಕ್ರೋ ಮೇಲೆ ಬಿದ್ದ. ಇಬ್ಬರ ಭಾರಕ್ಕೆ ಹಡ್ಸನ್, ಡಗ್ಲಸ್ ಕೂಡ ಹೋದರು. ಡಗ್ಲಸ್ ಮತ್ತು ಅವನ ಮೇಲಿದ್ದ ಇನ್ನೊಬ್ಬ ಗೈಡ್, ಹಿರಿಯ ಟೌಗ್‌ವಾಲ್ಡರ್ ನಡುವೆ ಹಗ್ಗ ತುಂಡಾಯಿತು. ಉಳಿದ ಮೂವರು ಬದುಕಿದರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. "ಒಬ್ಬ ಗೈಡ್‌ಗೆ ಎಷ್ಟು ಜನ?" ಎಂದು ಕೇಳಲು ಯಾರೂ ಸಂಕೋಚಪಡಬಾರದು ಎಂದು ಹೇಳುತ್ತಿದ್ದೇನೆ. ಒಬ್ಬ ಗೈಡ್ ಎಂಟು ಜನರನ್ನು ಇಂಥ ರಿಡ್ಜ್‌ಗೆ ಕರೆದೊಯ್ಯುತ್ತೇನೆ ಎಂದರೆ ಹೋಗಬೇಡಿ. "ವಾಪಸ್ ಬರಬಹುದಾದ ಕೊನೆಯ ಜಾಗ ಯಾವುದು?" ಎಂದೂ ಕೇಳಿ. ಒಳ್ಳೆಯ ಗೈಡ್ ಇದಕ್ಕೆ ಯೋಚಿಸದೆ ಉತ್ತರಿಸುತ್ತಾರೆ.

ಹೋಗಲೇ ಎಂದು ಕೇಳಿದಿರಿ. ಮೊದಲು ಅದೇ ಗೈಡ್ ಜೊತೆ ಇದಕ್ಕಿಂತ ಅಗಲವಾದ, ಸುಲಭದ ಏಣಿನ ಮೇಲೆ ಅರ್ಧ ದಿನ ನಡೆಯಿರಿ. ಹೆದರಿದವರು ಬೆಟ್ಟದ ಮೈಗೆ ಒರಗಿಕೊಳ್ಳುತ್ತಾರೆ, ಆಗ ಪಾದ ಹೊರಕ್ಕೆ ತಳ್ಳಿ ಶೂ ಜಾರುತ್ತದೆ. ನೆಟ್ಟಗೆ ನಿಂತು ಭಾರವನ್ನು ಪಾದದ ಮೇಲೆ ಹಾಕಿ. ಕಣ್ಣು ಮುಂದಿನ ಹೆಜ್ಜೆಯ ಮೇಲಿರಲಿ. ಎರಡು ಕೈ ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಬಂಡೆಯ ಮೇಲಿದ್ದು, ಒಂದು ಮಾತ್ರ ಚಲಿಸಲಿ. ಸ್ವಲ್ಪ ಹೊತ್ತಿಗೆ ನಿಮ್ಮ ಗಮನ ಪ್ರಪಾತದಿಂದ ಪಾದಕ್ಕೆ ಇಳಿದರೆ ಖಂಡಿತ ಹೋಗಿ. ಅರ್ಧ ದಿನ ಕಳೆದರೂ ಕಾಲಿನ ನಡುಕ ನಿಲ್ಲದಿದ್ದರೆ ಈ ವರ್ಷ ಬೇಡ. ಗೆಳತಿಯರು ಏನಂದುಕೊಂಡಾರು ಎಂದು ಹತ್ತುವ ಜಾಗ ಅದಲ್ಲ.

ಪ್ರಶ್ನೆ: ಸ್ಕ್ರ್ಯಾಂಬ್ಲಿಂಗ್‌ನಲ್ಲಿ (ಕೈಯನ್ನೂ ಬಳಸಿ ಬಂಡೆ ಹತ್ತುವ ಚಾರಣದಲ್ಲಿ) ಅತಿ ಸುಲಭದ ದರ್ಜೆ, ಗ್ರೇಡ್ 1, ಎಂದು ಬರೆದಿರುವ ದಾರಿಗೂ ಗೈಡ್ ಬೇಕೇ?

ಉತ್ತರ: ದರ್ಜೆ ಹೇಳುವುದು ಹತ್ತುವ ಕಷ್ಟವನ್ನು. ಕಾಲು ತಪ್ಪಿದರೆ ಎಷ್ಟು ಕೆಳಗೆ ಹೋಗುತ್ತೀರಿ ಎಂಬುದನ್ನು ಅದು ಅಷ್ಟಾಗಿ ಹೇಳುವುದಿಲ್ಲ. ಇಂಗ್ಲೆಂಡಿನ ಹೆಲ್ವೆಲಿನ್‌ಗೆ (950 ಮೀಟರ್) ಏರುವ ಸ್ಟ್ರೈಡಿಂಗ್ ಎಡ್ಜ್, ವೇಲ್ಸ್‌ನ ಕ್ರಿಬ್ ಗಾಕ್ (923 ಮೀಟರ್) ಎರಡೂ ಏಣುಗಳು ಗ್ರೇಡ್ 1. ಮೊದಲನೆಯದರಲ್ಲಿ ಬಹುಪಾಲು ದೂರ ನೆತ್ತಿಯ ಸ್ವಲ್ಪ ಕೆಳಗೆ ಕಾಲುದಾರಿಯೇ ಇದೆ. ಕ್ರಿಬ್ ಗಾಕ್‌ನಲ್ಲಿ ಹಾಗಿಲ್ಲ. ಬಹಳ ಜನ ಏಣಿನ ನೆತ್ತಿಯನ್ನೇ ಮೆಟ್ಟಿಲಿನ ಕಂಬಿಯ ಹಾಗೆ ಹಿಡಿದು, ಒಂದಿಷ್ಟು ಕೆಳಗೆ ಕಾಲಿಡುತ್ತಾ ಸಾಗುತ್ತಾರೆ. ಮೊದಲ ಸಲವಾದರೆ ಗೈಡ್ ಬೇಕು ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಪೂರ್ತಿ ಹಣ ಕೊಟ್ಟಿದ್ದೆವು. ತಲೆಯ ಮೇಲೆ ಆಕಾಶ ತಿಳಿಯಾಗಿತ್ತು. ಆದರೂ ರಿಡ್ಜ್ ಶುರುವಾಗುವ ಜಾಗದಿಂದಲೇ ಗೈಡ್ ವಾಪಸ್ ಕರೆತಂದರು. ಇದು ಸರಿಯೇ?

ಉತ್ತರ: ನಾನು ಅಲ್ಲಿರಲಿಲ್ಲ, ಆದರೆ ಅವರು ಏನನ್ನು ನೋಡಿರಬಹುದು ಎಂದು ಊಹಿಸಬಲ್ಲೆ. ಬೆಟ್ಟಕ್ಕೆ ಬಡಿದ ಗಾಳಿ ನೆತ್ತಿಯನ್ನು ದಾಟುವಾಗ ಒತ್ತರಿಸಿಕೊಂಡು ಜೋರಾಗುತ್ತದೆ. ವೇಗ ಎರಡರಷ್ಟಾದರೆ ಅದು ಮೈಯನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಕೆಳಗೆ ಟೋಪಿ ಹಾರಿಸುವ ಗಾಳಿ ಮೇಲೆ ಹೆಜ್ಜೆಯನ್ನೇ ತಪ್ಪಿಸಬಲ್ಲದು. ಮೋಡ ದೂರದಲ್ಲಿ ಕಟ್ಟುತ್ತಿದ್ದರೂ ಲೆಕ್ಕ ಹಾಕಬೇಕು. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ, ಮತ್ತು ಏಣಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ದಾಟಲು ಮೂರು ಗಂಟೆ ಬೇಕಾದ ಕಡೆ ಮುಂದಿನ ಮೂರು ಗಂಟೆಯ ಹವೆಯನ್ನು ಆರಂಭದಲ್ಲೇ ನಿರ್ಧರಿಸಬೇಕು. ಕಾರಣವನ್ನು ಅವರು ನಿಮಗೆ ಅಲ್ಲೇ ಬಿಡಿಸಿ ಹೇಳಬೇಕಿತ್ತು, ಅದನ್ನು ಕೇಳುವ ಹಕ್ಕು ನಿಮಗಿದೆ. ಹಣ ವಾಪಸಿನ ನಿಯಮವನ್ನು ಬುಕ್ ಮಾಡುವಾಗಲೇ ಬರಹದಲ್ಲಿ ಪಡೆಯಿರಿ. ಮುಂದಿನ ಸಲವೂ ಅವರನ್ನೇ ಕರೆಯಿರಿ ಎಂದು ಹೇಳುತ್ತೇನೆ.

ಪ್ರಶ್ನೆ: ಟ್ರೆಕ್ಕಿಂಗ್ ಕೋಲು ಒಯ್ಯಬಹುದೇ?

ಉತ್ತರ: ಏಣು ಶುರುವಾಗುವವರೆಗೆ ಧಾರಾಳವಾಗಿ. ಅಲ್ಲಿ ಮಡಚಿ ಬ್ಯಾಗಿನ ಒಳಗೇ ಇಡಿ. ಹೊರಗೆ ಸಿಕ್ಕಿಸಿದರೆ ಪಕ್ಕದ ಬಂಡೆಗೆ ತಗುಲಿ ನಿಮ್ಮನ್ನು ಹೊರಕ್ಕೆ ತಳ್ಳುತ್ತದೆ. ಜೋಲುವ ಕ್ಯಾಮೆರಾ, ಸೊಂಟಕ್ಕೆ ಕಟ್ಟಿದ ಜಾಕೆಟ್ ಕೂಡ ಒಳಗೆ ಹೋಗಲಿ. ಹೆಲ್ಮೆಟ್ಟನ್ನು ಮಾತ್ರ ಏಣು ತಲುಪುವ ಮೊದಲೇ ಹಾಕಿಕೊಳ್ಳಿ. ಮುಂದಿನ ತಂಡದವರು ಉರುಳಿಸುವ ಕಲ್ಲು ಕೆಳಗಿರುವಾಗಲೇ ಬರುತ್ತದೆ.