ಬೂತ್‌ನ ಡೈರಿ ಕೋರ್ಟಿಗೆ ಬರಲಿಲ್ಲ ಏಕೆ?

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರನ್ನು ಕೊಂದ ಜಾನ್ ವಿಲ್ಕ್ಸ್ ಬೂತ್‌ನ ಡೈರಿ ಸಿಕ್ಕಿದ್ದರೂ ವಿಚಾರಣೆಯಲ್ಲಿ ಅದನ್ನು ಮುಚ್ಚಿಟ್ಟರಂತೆ. ನಿಜವಾ? ತೋರಿಸಿದ್ದರೆ, ಆ ಸಂಚಿನಲ್ಲಿ ಪಾಲಿದೆ ಎಂದು ಗಲ್ಲಿಗೇರಿಸಿದ ಮೇರಿ ಸರಾಟ್ ಪಾರಾಗುತ್ತಿದ್ದರಾ?

ಉತ್ತರ: ತೋರಿಸಲಿಲ್ಲ ಅನ್ನುವುದು ನಿಜ. 1865ರ ಏಪ್ರಿಲ್ 26ರಂದು ವರ್ಜೀನಿಯಾದ ತೋಟವೊಂದರಲ್ಲಿ ಸೈನಿಕರು ಬೂತ್‌ನನ್ನು ಸುತ್ತುವರಿದರು. ಗುಂಡೇಟಿಗೆ ಅವನು ಸತ್ತ. ಜೇಬಿನಲ್ಲಿ ಡೈರಿ ಸಿಕ್ಕಿತು. ಅವನ ಚಾಕು, ದಿಕ್ಸೂಚಿ ಎಲ್ಲ ವಿಚಾರಣೆಗೆ ಬಂದವು, ಡೈರಿ ಮಾತ್ರ ಬರಲಿಲ್ಲ. ಅದರಲ್ಲಿ ಏನಿದೆ ಅಂತ ಜನರಿಗೆ ಗೊತ್ತಾಗಿದ್ದೇ 1867ರಲ್ಲಿ. ಅಷ್ಟರಲ್ಲಿ ಮೇರಿ ಸತ್ತು ಎರಡು ವರ್ಷವಾಗುತ್ತಾ ಬಂದಿತ್ತು.

ಆ ಡೈರಿಯಲ್ಲಿ ಕೆಲವು ಹಾಳೆಗಳನ್ನು ಹರಿದು ತೆಗೆಯಲಾಗಿತ್ತು. ಅವುಗಳ ಬಗ್ಗೆ ಜಾಸ್ತಿ ಕತೆಗಳಿವೆ. ಆ ಕತೆಗಳ ಹಿಂದೆ ಹೋಗಬೇಡಿ. ಅದು 1864ರ ಹಳೇ ಡೈರಿ, ಹಾಳೆ ಹರಿದವರು ಯಾರೆಂದು ಯಾರೂ ಸಾಬೀತು ಮಾಡಿಲ್ಲ. 1977ರಲ್ಲಿ ಎಫ್‌ಬಿಐ ಪರೀಕ್ಷಿಸಿದಾಗಲೂ ಗುಪ್ತ ಬರಹ ಸಿಗಲಿಲ್ಲ.

ಉಳಿದ ಹಾಳೆಗಳಲ್ಲೇ ಮುಖ್ಯ ಮಾತಿದೆ. ಆರು ತಿಂಗಳು ಲಿಂಕನ್‌ರನ್ನು ಸೆರೆಹಿಡಿಯಲು ಓಡಾಡಿದೆವು, ಅಂತರ್ಯುದ್ಧದಲ್ಲಿ ನಮ್ಮ ದಕ್ಷಿಣದ ಪಕ್ಷ ಬಹುತೇಕ ಸೋತ ಮೇಲೆ ದೊಡ್ಡದೇನಾದರೂ ಮಾಡಲೇಬೇಕಾಯಿತು ಎಂದು ಬೂತ್ ಬರೆದಿದ್ದಾನೆ. ಅಂದರೆ ಮೊದಲಿದ್ದದ್ದು ಅಪಹರಣದ ಸಂಚು, ಕೊಲೆಯ ತೀರ್ಮಾನ ಕೊನೇ ಗಳಿಗೆಯದು. ತನ್ನ ವಸತಿಗೃಹಕ್ಕೆ ಬೂತ್ ಬಂದುಹೋಗುತ್ತಿದ್ದುದು ಮೇರಿಗೆ ಗೊತ್ತಿತ್ತು. ಆದರೆ ಕೊಲೆಯ ವಿಷಯ ಗೊತ್ತಿತ್ತಾ? ಆಕೆಯ ಜೀವ ನಿಂತಿದ್ದೇ ಈ ಪ್ರಶ್ನೆಯ ಮೇಲೆ ಅಲ್ವಾ?

ಹಾಗಂತ ಡೈರಿ ಆಕೆಯನ್ನು ಖಂಡಿತ ಉಳಿಸುತ್ತಿತ್ತು ಎನ್ನಲಾರೆ. ಬಂದೂಕುಗಳನ್ನು ಸಿದ್ಧವಾಗಿಡು ಎಂದು ಕೊಲೆಯ ದಿನವೇ ಮೇರಿ ಹೇಳಿದರು ಎಂಬುದು ಆಕೆಯ ಹಳ್ಳಿಯ ಹೆಂಡದಂಗಡಿಯನ್ನು ಬಾಡಿಗೆಗೆ ನಡೆಸುತ್ತಿದ್ದ ಜಾನ್ ಲಾಯ್ಡ್‌ನ ಸಾಕ್ಷಿ. ಆ ದಿನ ಚೆನ್ನಾಗಿ ಕುಡಿದಿದ್ದೆ ಎಂದು ಅವನೇ ಒಪ್ಪಿಕೊಂಡಿದ್ದ. ಇಂಥ ಸಾಕ್ಷಿಯ ಪಕ್ಕದಲ್ಲಿ ಡೈರಿಯನ್ನೂ ಇಟ್ಟು ತೂಗಬೇಕಿತ್ತು. ಡೈರಿಯಲ್ಲಿ ಸಾಕ್ಷ್ಯವಾಗುವಂಥದ್ದು ಏನೂ ಇರಲಿಲ್ಲ ಎಂಬುದು ಸರ್ಕಾರಿ ವಕೀಲ ಜೋಸೆಫ್ ಹೋಲ್ಟ್ ಅವರ ಸಮಜಾಯಿಷಿ. ನನಗೆ ಒಪ್ಪಿಗೆಯಾಗದಿರುವುದು ಇದೇ. ಆರೋಪಿಯ ಪರ ವಕೀಲರಿಗೆ ಅದರಲ್ಲಿ ಏನಿದೆ ಎನ್ನುವುದೇ ತಿಳಿಯದಿದ್ದರೆ, ಅದು ಬೇಕೋ ಬೇಡವೋ ಎಂದು ಅವರು ವಾದಿಸುವುದಾದರೂ ಹೇಗೆ?

ಇನ್ನೊಂದು ಕಾಗದದ ಜಗಳವೂ ಇದೆ. ಮೇರಿಯ ವಿಚಾರಣೆ ನಡೆಸಿದ್ದು ಒಂಬತ್ತು ಸೇನಾಧಿಕಾರಿಗಳ ಮಂಡಳಿ. ಅವರಲ್ಲಿ ಐವರು ಮೇರಿಗೆ ಗಲ್ಲು ಬೇಡ, ಜೀವಾವಧಿ ಶಿಕ್ಷೆ ಸಾಕು ಎಂದು ಸಹಿ ಹಾಕಿದ್ದರು. ಅದನ್ನು ನಾನು ನೋಡಲೇ ಇಲ್ಲ ಎಂದರು ಲಿಂಕನ್ ನಂತರ ಅಮೆರಿಕದ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್. ತೋರಿಸಿದ್ದೆ ಎಂದರು ಹೋಲ್ಟ್. ಇಬ್ಬರೂ ಸಾಯುವವರೆಗೆ ಮಾತು ಬದಲಿಸಲಿಲ್ಲ. ಮೇರಿಯನ್ನು 1865ರ ಜುಲೈ 7ರಂದು ಗಲ್ಲಿಗೇರಿಸಿದರು.

ಇದೇ ಸಂಚಿನ ಆರೋಪ ಹೊತ್ತಿದ್ದ ಮೇರಿಯ ಮಗ ಜಾನ್ ಸರಾಟ್ ವಿದೇಶಕ್ಕೆ ಓಡಿಹೋಗಿದ್ದ. ಸಿಕ್ಕಿಬಿದ್ದ ಮೇಲೆ 1867ರಲ್ಲಿ ಅವನ ವಿಚಾರಣೆ ನಡೆದದ್ದು ಸಾಮಾನ್ಯ ಕೋರ್ಟಿನಲ್ಲಿ, ಜ್ಯೂರಿಯ ಮುಂದೆ. ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ. ಕೊನೆಗೆ ಅವನು ಬಿಡುಗಡೆಯಾದ.